ನಲವತ್ತು ನಿಮಿಷದ ದಾರಿ, ನೂಲವ್ವನ ಕಥೆ

ನವಲಗುಂದದಿಂದ ಬಿಳಿಕಲ್ಲಿಗೆ ಹದಿನಾರು ಸಾವಿರದ ನೂರ ತೊಂಬತ್ತು ಕಿಲೋಮೀಟರು. ಭೂಮಿಯ ಮೈಮೇಲೆ ನೂಲು ಹಿಡಿದು ಅಳೆದರೆ ಬರುವ ಲೆಕ್ಕ ಇದು. ಮೊದಲೆಲ್ಲ ಅಷ್ಟು ದೂರ ಹೋಗಬೇಕೆಂದರೆ ಮೂರು ವಿಮಾನ ಹತ್ತಿ ಇಳಿದು, ಎರಡು ಹಗಲು ಒಂದು ರಾತ್ರಿ ಕಳೆದು, ಕಾಲು ಬಾತು ಕಣ್ಣು ಕೆಂಪಾದ ಮೇಲೆಯೇ ಊರು ಸಿಗುತ್ತಿತ್ತು. ಈಗ ನಲವತ್ತು ನಿಮಿಷ. ನವಲಗುಂದದ ಬಸ್‌ಸ್ಟ್ಯಾಂಡಿನಿಂದ ಹುಬ್ಬಳ್ಳಿಗೆ ಮಾತ್ರ ಈಗಲೂ ಒಂದೂಕಾಲು ತಾಸು.

"ಭೂಮಿ ಬುಡಕ್ಕ ಹೋಗೂದು ಹಗುರಾತು, ಹುಬ್ಬಳ್ಳಿಗೆ ಹೋಗೂದೇ ಬಿಗಿ ನೋಡ್ರಿ," ಎಂದು ಊರಿನವರು ನಗುತ್ತಿದ್ದರು.

ಬಿಳಿಕಲ್ಲು ಅಂದರೆ ಚಿಲಿ ದೇಶದ ಮರುಭೂಮಿಯ ನಡುವೆ ಇರುವ ವಿಮಾನ ನಿಲ್ದಾಣ. ಅದರ ಸ್ಪ್ಯಾನಿಷ್ ಹೆಸರು ನವಲಗುಂದದ ನಾಲಿಗೆಗೆ ಹಿಡಿಸಲಿಲ್ಲ. ಅರ್ಥ ಕೇಳಿ ತಿಳಿದುಕೊಂಡು ತಮ್ಮದೇ ಹೆಸರಿಟ್ಟರು. ಅಲ್ಲಿನವರು ವಿಮಾನ ಹಿಡಿದು ಬಂದು, ಮಿರ್ಚಿ ತಿಂದು ಕಣ್ಣೊರೆಸಿಕೊಂಡು, ಒಂದು ಜಮಖಾನೆ ಹೆಗಲಿಗೆ ಹಾಕಿಕೊಂಡು ಮರಳುತ್ತಿದ್ದರು. ಇಲ್ಲಿಂದ ಬುಟ್ಟಿಯಲ್ಲಿ ಹೋದ ರೊಟ್ಟಿ ಅಲ್ಲಿ ಇಳಿದಾಗಲೂ ಬೆಚ್ಚಗಿರುತ್ತಿತ್ತು. ದಿನವೂ ಓಡಾಡುವವರು ಎರಡೂ ಕೈಗೆ ಗಡಿಯಾರ ಕಟ್ಟುತ್ತಿದ್ದರು: ಎಡಗೈಗೆ ನಮ್ಮೂರ ಹೊತ್ತು, ಬಲಗೈಗೆ ಒಂಬತ್ತೂವರೆ ತಾಸು ಹಿಂದಿರುವ ಅವರೂರ ಹೊತ್ತು. ಅಂಥವರಿಗೆ 'ಎರಡ್ ಹೊತ್ತಿನವರು' ಎಂದೇ ಹೆಸರು ಬಿತ್ತು. ಮದುವೆ ಮಾತುಕತೆಯಲ್ಲೂ ಅದೇ ಪ್ರಶ್ನೆ: "ಹುಡುಗ ಒಂದ್ ಹೊತ್ತಿನಾಂವೋ, ಎರಡ್ ಹೊತ್ತಿನಾಂವೋ? ಎರಡ್ ಹೊತ್ತಿನಾಂವಾದ್ರ ಯಾವಾಗ ಉಣ್ತಾನ, ಯಾವಾಗ ಮಲಗ್ತಾನ, ಒಂದೂ ಗೊತ್ತಾಗೂದಿಲ್ರೀ."

ಇದೆಲ್ಲ ಶುರುವಾದದ್ದು ಮನುಷ್ಯರು ಆಕಾಶಕ್ಕೆ ನೆರಿಗೆ ಹಿಡಿಯುವುದನ್ನು ಕಲಿತ ಮೇಲೆ. ಅಷ್ಟುದ್ದದ ಸೀರೆ ನೆರಿಗೆ ಹಿಡಿದರೆ ಒಂದು ಗೇಣಿನೊಳಗೆ ಕೂಡುವುದಿಲ್ಲವೇ, ಹಾಗೆ. ಎರಡೂ ಊರುಗಳಲ್ಲಿ ಒಂದೊಂದು ಗೋಪುರ. ಎರಡೂ ಸೇರಿ ನಡುವಿನ ಆಕಾಶವನ್ನು ನಲವತ್ತು ಮಡಿಕೆಯಾಗಿ ಮಡಚಿ, ಸೊಂಟಕ್ಕೆ ಸಿಕ್ಕಿಸಿದ ಹಾಗೆ ಹಿಡಿದು ನಿಲ್ಲುತ್ತವೆ. ಹದಿನಾರು ಸಾವಿರದ ದಾರಿ ನಾನೂರು ಕಿಲೋಮೀಟರಿಗೆ ಇಳಿಯುತ್ತದೆ. ವಿಮಾನ ಈ ಬಾಯಿಂದ ಹೊಕ್ಕು ಆ ಬಾಯಿಂದ ಹೊರಬೀಳುತ್ತದೆ. ನೆರಿಗೆಯೊಳಗೆ ಸೂರ್ಯನಿಲ್ಲ, ಚುಕ್ಕಿಯಿಲ್ಲ. ಬದನೆಯ ಹೂವಿನ ಬಣ್ಣದ ಒಂದು ಮಬ್ಬು ಅಷ್ಟೇ. ರೇಡಿಯೋದ ದನಿ ಕೂಡ ಅಲ್ಲಿ ತೂಕಡಿಸುವ ಎತ್ತಿನ ಗಾಡಿಯ ಹಾಗೆ ನಿಧಾನವಾಗಿ ಸಾಗುತ್ತದೆ.

ಆ ನಿಧಾನವೇ ದಾಕ್ಷಾಯಣಿಯ ಅನ್ನ.

ಗೋಪುರದ ಕೆಳಗಿನ ನಿಯಂತ್ರಣ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹೊರಗಿನ ಎರೆಮಣ್ಣಿನ ಹೊಲದ ಕಪ್ಪನ್ನೂ ಮುಂದಿನ ಪರದೆಯ ಬಿಳುಪನ್ನೂ ಒಂದೇ ಕಣ್ಣಲ್ಲಿ ನೋಡುತ್ತ ಅವಳು ದೂರ ಅಳೆಯುತ್ತಿದ್ದಳು. ಗೋಪುರ ಐದು ಸೆಕೆಂಡಿಗೊಮ್ಮೆ 'ಟಿಕ್' ಎಂದು ಕಳಿಸುತ್ತದೆ. ವಿಮಾನ ಅದಕ್ಕೆ 'ಟಿಕ್' ಎಂದು ಮರುನುಡಿಯುತ್ತದೆ. ಮರುನುಡಿ ಬರಲು ಹಿಡಿದ ಹೊತ್ತೇ ದೂರ. ಒಂದು ಸೆಕೆಂಡಾದರೆ ನೂರು ಕಿಲೋಮೀಟರು, ಎರಡಾದರೆ ಇನ್ನೂರು. ನಾಲ್ಕು ಸೆಕೆಂಡಾಯಿತೆಂದರೆ ವಿಮಾನ ಬಿಳಿಕಲ್ಲಿನ ಬಾಯಿಗೆ ಹೋಗಿದೆ ಎಂದರ್ಥ.

ಕೆಲಸಕ್ಕೆ ಸೇರಿದ ಮೊದಲ ವಾರ ಅವಳು ಬಾಯಿತಪ್ಪಿ, "ಸರ್, ವಿಮಾನ ಹೂಂ ಅಂತು," ಎಂದಿದ್ದಳು. ಗೋಪುರದ ಮುಖ್ಯಸ್ಥ ಖಾಜಾಸಾಬ ನದಾಫ ಕನ್ನಡಕದ ಮೇಲಿಂದ ನೋಡಿದ್ದರು.

"ಏನಂತು ತಂಗಿ?"

"ಹೂಂ ಅಂತು ಸರ್. ನಮ್ಮ ಆಯಿ ಕಥಿ ಹೇಳೂವಾಗ ನಾವು ಹೂಂ ಅಂತೀವಲ್ಲ, ಹಂಗ."

ನದಾಫರು ನಕ್ಕುಬಿಟ್ಟರು. ಮರುದಿನದಿಂದ ಇಡೀ ಕೋಣೆಯೇ ಮರುನುಡಿಗೆ 'ಹೂಂ' ಎನ್ನತೊಡಗಿತು.

ಆಯಿ, ಅಂದರೆ ದಾಕ್ಷಾಯಣಿಯ ಅಜ್ಜಿ, ಫಕೀರವ್ವನಿಗೆ ಎಪ್ಪತ್ತೆಂಟು. ದಾಕ್ಷಿಯ ಬಾಲ್ಯವೆಲ್ಲ ಅವಳ ಮಗ್ಗುಲಲ್ಲಿ, ಅವಳು ಹೊಲಿದ ಕೌದಿಯ ಕೆಳಗೆ, ಅವಳ ಕಥೆಯೊಳಗೆ ಕಳೆದಿತ್ತು. ಆ ಕಥೆಗಳಿಗೆ ಕಟ್ಟಳೆಗಳಿದ್ದವು. ಒಂದೊಂದು ಮಾತಿಗೂ ಕೇಳುವವರು ಹೂಂ ಅನ್ನಬೇಕು. ಹೂಂ ಬರುವ ತನಕ ಮುಂದಿನ ಮಾತು ಇಲ್ಲ. "ಹೂಂ ಅನ್ನೋರಿಲ್ಲದ ಕಥಿ, ಗ್ವಾಡಿಗೆ ಹೇಳಿದಂಗ," ಎನ್ನುತ್ತಿದ್ದಳು. ಕಥೆಯ ಒಂದು ಅಕ್ಷರವೂ ಬದಲಾಗಬಾರದು. ನಿನ್ನೆ ಕಾಗೆ ಹಾರಿದ ಜಾಗದಲ್ಲಿ ಇವತ್ತೂ ಕಾಗೆಯೇ ಹಾರಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಹಗಲಲ್ಲಿ ಕಥೆ ಹೇಳಬಾರದು. ಹೇಳಿದರೆ ದಾರಿ ಹಿಡಿದು ಹೋಗುತ್ತಿರುವವರು ಯಾರಾದರೂ ದಾರಿ ತಪ್ಪುತ್ತಾರೆ.

ದಾಕ್ಷಿ ಮಲಗುವ ಹೊತ್ತಿಗೆ ಬೇಡುತ್ತಿದ್ದದ್ದು ಒಂದೇ ಕಥೆ, ನೂಲವ್ವನದು. ಕಣ್ಣು ಎಳೆಯುತ್ತಿದ್ದರೂ ಹುಡುಗಿ ಹೂಂ, ಹೂಂ ಎನ್ನುತ್ತಲೇ ಇರುತ್ತಿತ್ತು. ಅದು ಎಚ್ಚರದ ಹೂಂ ಹೌದೋ ಅಲ್ಲವೋ ಎಂದು ನೋಡಲು ಆಯಿ ಕಥೆಯ ನಡುವೆ ತಣ್ಣಗೆ ಹೇಳುತ್ತಿದ್ದಳು: "ಆಮ್ಯಾಲ ಒಂದು ಆನಿ ಬಂದು, ಚಕ್ಕಳಮಕ್ಕಳ ಹಾಕ್ಕೊಂಡು ಕುಂತು, ರೊಟ್ಟಿ ಬಡೀತು."

"ಹೂಂ," ಎನ್ನುತ್ತಿತ್ತು ಹುಡುಗಿ.

ಆಯಿ ನಕ್ಕು ಕೌದಿ ಹೊದಿಸಿ ದೀಪ ಆರಿಸುತ್ತಿದ್ದಳು. ನೂಲವ್ವನ ನೂಲು ಒಂದು ಗೇಣು ಕಮ್ಮಿ ಬೀಳುವಲ್ಲಿಗೇ ಪ್ರತಿಸಲ ಆನೆ ಬರುತ್ತಿತ್ತು. ವಯಸ್ಸು ಇಪ್ಪತ್ತಾರಾದರೂ ಆ ಗೇಣಿನ ಆಚೆ ಏನಾಯಿತೆಂದು ದಾಕ್ಷಿಗೆ ಗೊತ್ತಿರಲಿಲ್ಲ.

ಈಗ ಆಯಿಯನ್ನು ಬಿಳಿಕಲ್ಲಿಗೆ ಕಳಿಸಬೇಕಾಗಿತ್ತು. ದಾಕ್ಷಿಯ ಅಕ್ಕ ಶಿವಲೀಲಾ ಅಲ್ಲಿ, ಚುಕ್ಕಿ ನೋಡುವ ದೊಡ್ಡ ದೂರದರ್ಶಕದ ಕನ್ನಡಿ ತೊಳೆಯುವವರ ಗುಂಪಿನಲ್ಲಿದ್ದಳು. ಬೆಳಿಗ್ಗೆ ಹೋಗಿ ಸಂಜೆ ಬರುವ ಎರಡ್ ಹೊತ್ತಿನಾಕೆ. ಬಸಿರಾದ ಮೇಲೆ ಮಾತ್ರ ಅಲ್ಲೇ ಉಳಿದು, ಅಲ್ಲೇ ಹೆರಬೇಕಾಯಿತು. ಬಸುರಿಯರೂ ಮೂರು ತಿಂಗಳೊಳಗಿನ ಕೂಸುಗಳೂ ನೆರಿಗೆಯೊಳಗೆ ಹೋಗುವಂತಿಲ್ಲ ಎಂಬುದು ಕಾನೂನು. ಬಾಣಂತಿ ತವರಿಗೆ ಬರುವಂತಿಲ್ಲವೆಂದರೆ ತವರೇ ಬಾಣಂತಿಯ ಕಡೆಗೆ ಹೋಗಬೇಕು.

"ನಾ ಒಲ್ಲೆ," ಎಂದಳು ಆಯಿ. ಪಡಸಾಲೆಯಲ್ಲಿ ಕಾಲು ಚಾಚಿ, ಕೂಸಿನ ಕೌದಿಗೆ ಹಳೆಯ ಇಳಕಲ್ ಸೀರೆಯ ತುಂಡು ಹೊಂದಿಸುತ್ತಿದ್ದಳು. "ಹಾದಿ ಅಂದ್ರ ನಾಕ್ ಕಡೆ ಕುಂತು, ನಾಕ್ ಮಂದಿ ಕೂಡ ಮಾತಾಡಿ, ನೀರು ಕುಡದು ಹೋದ್ರ ಹಾದಿ. ಕುಂತು ಏಳೂದ್ರಾಗ ಬಂದ್ಬಿಡ್ತಂದ್ರ ದೂರದ ಮರ್ಯಾದಿ ಏನುಳೀತು?"

"ನೀ ದೂರದ ಮರ್ಯಾದಿ ಕಾಯ್ಕೋತ ಕುಂಡ್ರು. ಲೀಲಕ್ಕನ ಕೂಸಿಗೆ ನೀರು ಎರಿಯೋರು ಯಾರು? ಅಲ್ಲಿ ನರ್ಸ್ ಒರಸೋ ಕಾಗದ ತಗೊಂಡು ಒರಸ್ತಾಳಂತ."

"ಕಾಗದ?" ಆಯಿಯ ಸೂಜಿ ನಿಂತಿತು. "ಕೂಸಿಗೆ ಕಾಗದ?"

"ಹೂಂ."

ಆಯಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಆಮೇಲೆ, "ಆ ನೆರಗಿ ಹೆಂಗ ಹಿಡೀತೀರಿ, ತೋರ್ಸು," ಎಂದಳು. ದಾಕ್ಷಿ ಕೌದಿಯ ಎರಡು ತುದಿ ಹಿಡಿದು, ನಡುವಿನ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಕೂಡಿಸಿ ತೋರಿಸಿದಳು. ಆ ತುದಿಯ ಕೆಂಪು ತುಂಡು ಈ ತುದಿಯ ಹಸಿರು ತುಂಡಿನ ಮಗ್ಗುಲಿಗೆ ಬಂದು ನಿಂತಿತು.

"ಇಷ್ಟೇ ಏನು? ಇದಕ್ಕ ಇಷ್ಟೆಲ್ಲಾ ಸಾಲಿ ಕಲಿಬೇಕಿತ್ತೇನ ನೀನು?" ಆಯಿ ನಕ್ಕಳು. ಮತ್ತೆ ಮೆಲ್ಲಗೆ ಕೇಳಿದಳು: "ನೆರಗಿ ಬಿಚ್ಚಿದ್ರ?"

"ಬಿಚ್ಚೂದಿಲ್ಲ ಆಯಿ. ಬಿಚ್ಚಿದ್ರೂ ಈ ತುದ್ಯಾಗ ನಾ ಇರ್ತೀನಲ್ಲ, ಹೂಂ ಅನ್ನಾಕ."

"ನಿನ್ನ ಹೂಂ ನನಗ ಗೊತ್ತಿಲ್ಲೇನು? ಆನಿ ರೊಟ್ಟಿ ಬಡದ್ರೂ ಹೂಂ ಅಂತಿ." ಆಯಿ ದಾರ ಕಡಿದಳು. "ಹೋಗ್ಲಿ. ಟಿಕೀಟು ತಗಸು. ನೀ ಒಮ್ಮೆಯಾದ್ರೂ ಹೋಗೀಯೇನು ಅಲ್ಲಿಗೆ?"

ಹೋಗಿರಲಿಲ್ಲ. ನಾಲ್ಕು ವರ್ಷದಿಂದ ಸಾವಿರಾರು ಮಂದಿಯನ್ನು ಆಚೆ ದಾಟಿಸಿದವಳು ತಾನು ಒಮ್ಮೆಯೂ ದಾಟಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತೇ ಬಿಳಿಕಲ್ಲನ್ನು ಕನಸುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು. "ರಜಾ ಸಿಗೂದಿಲ್ಲ ಆಯಿ," ಎಂದಳು. ಆಯಿ ಅವಳ ಮುಖ ನೋಡಿ, ಇನ್ನೊಂದು ತುಂಡು ಕೈಗೆತ್ತಿಕೊಂಡಳು.

ಜೂನ್ ತಿಂಗಳ ಒಂದು ಬುಧವಾರ, ಮಧ್ಯಾಹ್ನ ಮೂರೂವರೆಗೆ ವಿಮಾನ ಎದ್ದಿತು. ಆಯಿಯ ತೊಡೆಯ ಮೇಲೆ ಕೌದಿ, ಕಾಲ ಬುಡದಲ್ಲಿ ಅಂಟಿನುಂಡೆಯ ಡಬ್ಬಿ, ಸೆರಗಿನ ಗಂಟಿನಲ್ಲಿ ಕೂಸಿನ ಕೈಗೆ ಕಟ್ಟುವ ಕರಿದಾರ. ಅವಳಿಗೆ ಕಿಟಕಿಯ ಸೀಟೇ ಬೇಕೆಂದು ದಾಕ್ಷಿ ಮುಂಚೆಯೇ ಹೇಳಿಟ್ಟಿದ್ದಳು. ವಿಮಾನ ನೆರಿಗೆಯ ಬಾಯಿ ಹೊಕ್ಕಿತು. ಟಿಕ್, ಹೂಂ. ಟಿಕ್, ಹೂಂ. ಅರ್ಧ ಸೆಕೆಂಡು, ಒಂದು ಸೆಕೆಂಡು, ಒಂದೂವರೆ.

ಮೂರು ಐವತ್ತಕ್ಕೆ ಪರದೆಯ ಮೇಲಿನ ಗೆರೆಗಳೆಲ್ಲ ಒಮ್ಮೆಲೇ ನಡುಗಿದವು.

ಸೂರ್ಯನ ಮೈಮೇಲೆ ಹಿಂದಿನ ದಿನ ಎದ್ದಿದ್ದ ಬಿರುಗಾಳಿ ರಾತ್ರಿಗೆ ಭೂಮಿ ಮುಟ್ಟಬೇಕಿತ್ತು. ಯಾರ ಲೆಕ್ಕಕ್ಕೂ ಸಿಗದೆ ಅದು ಆರು ತಾಸು ಮುಂಚೆಯೇ ಬಂದಿತ್ತು. ಗೋಪುರದ ಹಿಡಿತ ಒಂದು ಗಳಿಗೆ ಜಾರಿ ಮತ್ತೆ ಕಚ್ಚಿಕೊಂಡಿತು. ಆ ಒಂದು ಗಳಿಗೆಯಲ್ಲಿ ನೆರಿಗೆ ಸಡಿಲಾಗಿತ್ತು.

"ಎಷ್ಟು ಸಡ್ಲಾಗೈತಿ?" ನದಾಫರು ಎದ್ದು ನಿಂತು ಕೇಳಿದರು.

"ಗೊತ್ತಾಗವಲ್ದು ಸರ್. ಹೂಂ ಬರಾಕತ್ತೈತಿ, ಆದ್ರ ಯಾವ ಟಿಕ್ಕಿಂದು ಯಾವ ಹೂಂ ಅಂತ..."

ಅದೇ ಗಂಟು. ಐದು ಸೆಕೆಂಡಿಗೊಂದು ಟಿಕ್. ಮರುನುಡಿ ಐದರೊಳಗೆ ಬರುವಾಗ ಚಿಂತೆಯಿರಲಿಲ್ಲ. ಈಗ ಅದು ಹತ್ತು ಸೆಕೆಂಡು ತಡವಾಗಿದೆಯೋ, ಇಪ್ಪತ್ತೋ, ಮೂವತ್ತೋ? ಟಿಕ್ಕುಗಳೆಲ್ಲ ಅವಳಿಜವಳಿ ಮಕ್ಕಳ ಹಾಗೆ ಒಂದೇ ರೂಪ. ಅದರ ಮೇಲೆ, ಸಡಿಲಾದ ಒಂದೊಂದು ಮಡಿಕೆಯೂ ಗುಡ್ಡದ ಹಾಗೆ ದನಿಯನ್ನು ತಿರುಗಿಸಿ ಒಗೆಯುತ್ತಿತ್ತು. ಒಂದು ಹೂಂ ಬರುವಲ್ಲಿ ಏಳು ಹೂಂ ಬರುತ್ತಿದ್ದವು. ಸ್ವಲ್ಪ ಹೊತ್ತಿನಲ್ಲಿ ಟಿಕ್ಕು ಕಳಿಸುವ ಯಂತ್ರವೂ ಸತ್ತು, ಬರೀ ಮಾತಿನ ರೇಡಿಯೋ ಉಳಿಯಿತು.

ನದಾಫರು ಬೋರ್ಡಿನ ಮೇಲೆ ನಲವತ್ತು ಗೆರೆ ಎಳೆದರು. "ನೆರಿಗೀನ ಮತ್ತ ಬಿಗಿ ಮಾಡಬೌದು. ಆದ್ರ ವಿಮಾನ ಇರೋ ಮಡಿಕಿ ಬಿಟ್ಟು ಉಳಿದವನ್ನ ಮಾತ್ರ. ಅದೇ ಮಡಿಕಿ ಎಳೆದಿವೋ, ಹತ್ತಿ ಹಿಂಜಿದಂಗ ಹಿಂಜಿ ಹೋಗ್ತೈತಿ. ಎಲ್ಲೈತಿ ಅನ್ನೂದು ಮೊದಲು ಗೊತ್ತಾಗಬೇಕು. ಎಣ್ಣಿ ಐದರ ತನಕ ಐತಿ."

ಗಡಿಯಾರದಲ್ಲಿ ನಾಲ್ಕು ಗಂಟೆ. ನೆರಿಗೆಯನ್ನು ಹಾಗೇ ಬಿಟ್ಟರೆ ಮುಂದಿನ ದಾರಿ ಎಷ್ಟು ಸಾವಿರವಾಗಿದೆಯೋ ಯಾರಿಗೂ ತಿಳಿಯದು.

ವಿಮಾನ ನಡೆಸುತ್ತಿದ್ದ ಕ್ಯಾಪ್ಟನ್ ಪಟ್ಟಣಶೆಟ್ಟಿಗೆ ಅಂಕಿ ಎಣಿಸಲು ಹೇಳಿದರು. ಅವರು ಎಣಿಸಿದರು. ಸ್ಪೀಕರಿನಲ್ಲಿ ಬಂದದ್ದು ಮುರುಕು: "...ತ್ತೊಂದು... ತ್ತೇಳು... ತ್ತೊಂದು..." ಇಪ್ಪತ್ತೊಂದೋ, ಮೂವತ್ತೊಂದೋ, ನಲವತ್ತೊಂದೋ?

"ಅಂಕಿಗೆಲ್ಲಾ ಬಾಲ ಒಂದೇ," ನದಾಫರು ಹಣೆ ಒತ್ತಿಕೊಂಡರು. "ಹಾಡು ಹೇಳ್ಸಿದ್ರ? ಬ್ಯಾಡ, ಪಲ್ಲವಿ ತಿರುತಿರುಗಿ ಬರ್ತೈತಿ. ಒಂದು ಮಾತು ಇನ್ನೊಂದರಂಗ ಇರಬಾರ್ದು. ಅರ್ಧ ಕೇಳಿದ್ರೂ ಇದು ಎಷ್ಟನೇ ಮಾತು ಅಂತ ಇಲ್ಲಿ ಕುಂತೋರಿಗೆ ಬಾಯಿಪಾಠ ಇರಬೇಕು. ನಾವು ಮರುನುಡಿ ಕೊಟ್ಟ ಮ್ಯಾಲೇ ಅವರು ಮುಂದಿನ ಮಾತು ಆಡಬೇಕು. ಅಂಥಾದ್ದು ಎಲ್ಲೈತಿ?"

ದಾಕ್ಷಿ ಕುರ್ಚಿ ತಿರುಗಿಸಿ ನದಾಫರತ್ತ ನೋಡಿದಳು.

"ಕಿಟಕಿ ಸೀಟಿನಾಗ ಕೌದಿ ಹಿಡ್ಕೊಂಡು ಕುಂತಾಳ ಸರ್," ಎಂದಳು.

ಒಂದು ಮಾತನ್ನು ಮೂರು ಸಲ ಹೇಳಿದರೆ ಒಂದು ಸಲ ತಿಳಿಯುತ್ತಿತ್ತು. ಹಾಗೆ ಹೇಳಿ ಹೇಳಿ, ಕ್ಯಾಪ್ಟನ್ ಆಯಿಯನ್ನು ಮುಂದಕ್ಕೆ ಕರೆತಂದು, ಅವಳ ಕಿವಿಗೆ ಹೆಡ್‌ಫೋನು ಇಟ್ಟು, ಬಾಯಿಗೆ ಮೈಕು ಹಿಡಿದರು.

"ಆಯಿ, ನಾನು ದಾಕ್ಷಿ. ನೂಲವ್ವನ ಕಥಿ ಹೇಳು. ಒಂದೊಂದೇ ಮಾತು. ನಾ ಹೂಂ ಅಂದ ಮ್ಯಾಲೆ ಮುಂದಿಂದು ಹೇಳು."

ಅರ್ಧ ನಿಮಿಷಕ್ಕೂ ಹೆಚ್ಚು ಸ್ಪೀಕರಿನಲ್ಲಿ ಗರಗರ ಮಾತ್ರ. ಆಮೇಲೆ ಆ ದನಿ, ಬಾವಿಯ ಬುಡದಿಂದ ಬಂದ ಹಾಗೆ: "ಹುಚ್ಚಿ... ಹಗಲಾಗ... ಕಥಿ ಹೇಳ್ತಾರೇನು... ದಾರಿ ಹಿಡದೋರು... ದಾರಿ ತಪ್ತಾರ..."

ದಾಕ್ಷಿ ಕಣ್ಣು ಮುಚ್ಚಿಕೊಂಡಳು. ಆಯಿಯ ಕಟ್ಟಳೆಯನ್ನು ಗೋಪುರವೂ ಮುರಿಯಲಾರದು, ಸೂರ್ಯನ ಬಿರುಗಾಳಿಯೂ ಮುರಿಯಲಾರದು. ದಾರಿ ಆಗಲೇ ತಪ್ಪಿದೆ ಎಂದು ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಹೇಳಿದರೆ ಆಯಿಯ ಬಾಯಿಂದ ವಿಮಾನದಲ್ಲಿ ಕೂತ ನಲವತ್ತೆಂಟು ಮಂದಿಗೂ ಅದು ಮುಟ್ಟುತ್ತದೆ. ಅವಳು ಕಣ್ಣು ತೆರೆದಾಗ ಎದುರಿಗೆ ಗೋಡೆಯ ಮೇಲಿನ ಎರಡು ಗಡಿಯಾರಗಳಿದ್ದವು.

"ಆಯಿ, ನೀ ಈಗ ನಮ್ಮೂರಾಗಿಲ್ಲ. ನೀ ಹೊಂಟ ಊರಾಗ ಇನ್ನೂ ಹೊತ್ತು ಮೂಡಿಲ್ಲ. ಅಲ್ಲಿ ಕತ್ತಲ ಐತಿ. ಲೀಲಕ್ಕನ ಕೂಸು ಇನ್ನೂ ಮಲಗೈತಿ."

ಅದನ್ನು ಮೂರು ಸಲ ಹೇಳಿ ಕಾದಳು. ಗಡಿಯಾರದ ಮುಳ್ಳು ಹೊರಳಿತು.

"...ಖರೇನ ಹೇಳಾಕತ್ತೀಯೇನು?"

"ನಿನ್ನಾಣೆ."

ಮತ್ತೆ ಗರಗರ. ಆಮೇಲೆ:

"ಏಳೂರ ಆಚಿ... ಒಂದೂರಿತ್ತು."

"ಹೂಂ!" ಎಂದಳು ದಾಕ್ಷಿ. ನದಾಫರು ಸೆಕೆಂಡು ಎಣಿಸುವ ಕೈಗಡಿಯಾರದ ಗುಂಡಿ ಒತ್ತಿದರು.

ಆ ಹೂಂ ಎತ್ತಿನ ಗಾಡಿಯೇರಿ ಹೋಯಿತು. ಸ್ಪೀಕರಿನಲ್ಲಿ ಮಡಿಕೆಗಳ ಗುಡ್ಡಗಳು ಒದರಿದವು: "...ದೂರಿತ್ತು... ರ ಆಚಿ... ದೂರಿತ್ತು..." ಎಲ್ಲ ಹಳೆಯ ಮಾತಿನ ಚೂರು. ದಾಕ್ಷಿ ತಲೆಯಾಡಿಸುತ್ತ ಕೂತಳು: ಇದಲ್ಲ, ಇದಲ್ಲ, ಇದೂ ಅಲ್ಲ. ಕೊನೆಗೆ, "...ಒಬ್ಬಾಕಿ ಇದ್ಲು..."

"ಇದು ಹೊಸಾದು! ನೂಲವ್ವ ಅಂತ ಒಬ್ಬಾಕಿ ಇದ್ಲು. ಎರಡನೇ ಮಾತು!"

"ಮೂವತ್ತೊಂದು ಸೆಕೆಂಡು," ನದಾಫರು ಬೋರ್ಡಿನತ್ತ ಧಾವಿಸಿದರು. "ಮೂರು ಸಾವಿರದ ನೂರು ಕಿಲೋಮೀಟರು. ನಮ್ಮ ಕಡಿಂದ ಇಪ್ಪತ್ತೆರಡನೇ ಮಡಿಕಿ. ಅದನ್ನ ಬಿಡ್ರಿ. ಒಂದನೇದು ಬಿಗಿ ಮಾಡ್ರಿ, ಮೆಲ್ಲಕ."

"ಹೂಂ," ಎಂದಳು ದಾಕ್ಷಿ ಮೈಕಿಗೆ.

ನೂಲವ್ವನಿಗೆ ಒಬ್ಬಳೇ ಮಗಳು. ಹೂಂ. ಮಗಳನ್ನು ಕೊಟ್ಟದ್ದು ಕಾಗೆ ಹಾರಿ ಹಾರಿ ದಣಿಯುವಷ್ಟು ದೂರಕ್ಕೆ. ಹೂಂ. ಗಂಡನ ಮನೆಗೆ ಹೊರಟ ಮಗಳ ಕೈಗೆ ನೂಲವ್ವ ತಾನೇ ತೆಗೆದ ನೂಲಿನ ಒಂದು ತುದಿ ಕಟ್ಟಿದಳು. ಹೂಂ. ಇನ್ನೊಂದು ತುದಿ ಬಾಗಿಲ ಕಂಬಕ್ಕೆ. ಹೂಂ. ಮಗಳು ಅಲ್ಲಿ ನಕ್ಕರೆ ನೂಲು ಇಲ್ಲಿ ಕುಣಿಯುತ್ತಿತ್ತು. ಅಲ್ಲಿ ಅತ್ತರೆ ಇಲ್ಲಿ ತೊಯ್ಯುತ್ತಿತ್ತು.

ಒಂದೊಂದು ಮಾತಿಗೂ ಒಂದೊಂದು ಅಳತೆ, ಒಂದೊಂದು ಅಳತೆಗೂ ಒಂದೊಂದು ಮಡಿಕೆಯ ಬಿಗಿತ. ಮೂವತ್ತೊಂದು ಇಪ್ಪತ್ತಾರಾಯಿತು, ಇಪ್ಪತ್ತಾಯಿತು. ಬೋರ್ಡಿನ ಮೇಲಿನ ಗೆರೆಗಳನ್ನು ನದಾಫರು ಒಂದೊಂದಾಗಿ ಒರೆಸುತ್ತ ಹೋದರು. ವಿಮಾನ ಒಂದು ಮಡಿಕೆ ದಾಟಿ ಮುಂದಿನದಕ್ಕೆ ಹೋದಾಗ ಬಿಟ್ಟ ಮಡಿಕೆಯನ್ನು ಬಿಗಿದರು. ಮಾತುಮಾತಿಗೂ ಹಳೆಯ ಚೂರುಗಳು ಕಮ್ಮಿಯಾದವು. ಆಯಿಯ ದನಿ ಬಾವಿಯ ಮೆಟ್ಟಿಲು ಹತ್ತಿ ಹತ್ತಿ ಮೇಲೆ ಬರುತ್ತಿತ್ತು.

ಹನ್ನೆರಡು ಸೆಕೆಂಡಿಗೆ ಬಂದಿದ್ದಾಗ ಆ ದನಿ ತಣ್ಣಗೆ ಹೇಳಿತು: "ಆಮ್ಯಾಲ ಒಂದು ಆನಿ ಬಂದು, ಚಕ್ಕಳಮಕ್ಕಳ ಹಾಕ್ಕೊಂಡು ಕುಂತು, ರೊಟ್ಟಿ ಬಡೀತು."

"ಆನಿ?" ನದಾಫರು ಗಾಬರಿಯಾಗಿ ತಿರುಗಿದರು. "ಇದು ಎಷ್ಟನೇ ಮಾತು ತಂಗಿ?"

ದಾಕ್ಷಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ಆಯಿ! ಈ ಕಥ್ಯಾಗ ಆನಿ ಇಲ್ಲ! ನಾ ಎಚ್ಚರ ಅದೀನಿ!"

ಹನ್ನೆರಡು ಸೆಕೆಂಡು. "...ಹಂಗಾದ್ರ ಅಡ್ಡಿಯಿಲ್ಲ. ಇಲ್ಲಿ ಎಲ್ಲಾರೂ ಅಂಜ್ಯಾರ. ನೀ ಒಬ್ಬಾಕಿ ಎಚ್ಚರ ಇದ್ರ ಸಾಕು." ಹಾಗಾದರೆ ಆಯಿಗೆ ಎಲ್ಲ ಗೊತ್ತಿತ್ತು. ನೆರಿಗೆ ಬಿಚ್ಚಿದ್ದು ಕೌದಿ ಹೊಲಿಯುವವಳಿಗೆ ತಿಳಿಯದೆ ಇರುತ್ತದೆಯೇ? "ಮಗಳ ಊರಾಗ ಮಳಿ ಬಂತು, ಹೊಳಿ ತುಂಬ್ತು."

"ಹೂಂ."

"ಮಗಳ ಮನಿ ಹೊಳಿಯಿಂದ ಹಿಂದ ಸರೀತು."

"ಹೂಂ." ಏಳು ಸೆಕೆಂಡು.

"ನೂಲು ಜಗ್ಗಿ ಜಗ್ಗಿ ಬಿಗಿಯಾತು."

"ಹೂಂ." ಐದು.

ನಾಲ್ಕು ನಲವತ್ತಾರು. ನಲವತ್ತೂ ಮಡಿಕೆಗಳಲ್ಲಿ ಒಂದೇ ಬಾಕಿ, ವಿಮಾನ ಇದ್ದ ಕೊನೆಯದು. ನದಾಫರು ಕೈ ಮೇಲೆತ್ತಿ ನಿಂತರು.

"ನೂಲು ಒಂದು ಗೇಣು ಕಮ್ಮಿ ಬಿತ್ತು."

"ಹೂಂ," ಎಂದಳು ದಾಕ್ಷಿ. ಅವಳಿಗೆ ಬಾಯಿಪಾಠವಿದ್ದ ಕಥೆ ಅಲ್ಲಿಗೆ ಮುಗಿದಿತ್ತು. ಇನ್ನು ಮುಂದಿನ ಮಾತು ಹಳೆಯದೋ ಹೊಸದೋ ಅವಳಿಗೂ ತಿಳಿಯದು. ಒಂದು. ಎರಡು. ಮೂರು. ನಾಲ್ಕು.

ಸರಿಯಾಗಿ ನಾಲ್ಕು ಸೆಕೆಂಡಿಗೆ, ಚೂರಿಲ್ಲದೆ, ಗರಗರವಿಲ್ಲದೆ, ಮಗ್ಗುಲಲ್ಲಿ ಮಲಗಿ ಮಾತಾಡಿದಷ್ಟು ಹತ್ತಿರ, ಆಯಿಯ ದನಿ ಬಂತು:

"ಅಯ್ಯ, ಹೊತ್ತು ಮೂಡ್ತು ನೋಡಬೇ! ಕೆಂಪಗ, ಕುಂಕುಮ ಚೆಲ್ಲಿದಂಗ! ಗುಡ್ಡ, ಬರೀ ಗುಡ್ಡ!"

ಹಿಂದೆ ನಲವತ್ತೆಂಟು ಮಂದಿ ಕೂಗುವುದು, ಅಳುವುದು, ಚಪ್ಪಾಳೆ ತಟ್ಟುವುದು ಕೇಳಿಸಿತು. ಕೋಣೆಯಲ್ಲಿ ನದಾಫರು ಕುರ್ಚಿಗೆ ಕುಸಿದು, ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ದಾಕ್ಷಿ ಮೈಕನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

"ಆಯಿ, ಆಮ್ಯಾಲ? ಒಂದು ಗೇಣು ಕಮ್ಮಿ ಬಿತ್ತು, ಆಮ್ಯಾಲ ಏನಾತು?"

"ಹುಚ್ಚಿ, ಈಗ ಹಗಲಾತು. ಹಗಲಾಗ ಕಥಿ ಹೇಳ್ತಾರೇನು?"

ಫೋನಿನಲ್ಲಿ ಹೇಳಿಸಿಕೊಳ್ಳಲು ದಾಕ್ಷಿ ಮಾಡದ ಯತ್ನವಿಲ್ಲ. ಇಲ್ಲಿ ಕತ್ತಲಾದಾಗ ಅಲ್ಲಿ ಬಿಸಿಲು. ಅಲ್ಲಿ ದೀಪ ಹಚ್ಚಿದಾಗ ಇಲ್ಲಿ ಕೋಳಿ ಕೂಗುವ ಹೊತ್ತು. "ಒಬ್ಬರ ಹೊತ್ತು ಇನ್ನೊಬ್ಬರ ಹೊತ್ತಿಗೆ ಕೂಡೂದಿಲ್ಲ ಬಿಡು," ಎನ್ನುತ್ತಿದ್ದಳು ಆಯಿ, ಕೂಸಿಗೆ ಎಣ್ಣೆ ಹಚ್ಚುವ ಕೈ ನಿಲ್ಲಿಸದೆ. "ಮತ್ತ ಅವತ್ತು ಬ್ಯಾರೆ ಇತ್ತು. ಅವತ್ತು ನಾ ಹೊಂಟ ಊರಿನ ಲೆಕ್ಕಕ್ಕ ಹೇಳೀನಿ. ಕಥಿ ಬೇಕಂದ್ರ ಕಥಿ ಇದ್ದಲ್ಲಿಗೆ ಬರಬೇಕು. ನಲವತ್ತು ನಿಮಿಷ ಅಂತಿ, ದೂರೇನೈತಿ?"

ಹನ್ನೊಂದನೆಯ ದಿನ ದಾಕ್ಷಿ ರಜಾ ಚೀಟಿ ಹಿಡಿದು ನಿಂತಳು. ನದಾಫರು ಓದದೆಯೇ ಸಹಿ ಮಾಡಿದರು. "ಹೋಗಿ ಬಾ ತಂಗಿ. ಇವತ್ತು ನಿನ್ನ ಕುರ್ಚ್ಯಾಗ ನಾ ಕುಂತು ಹೂಂ ಅಂತೀನಿ. ಬರೂವಾಗ ಆ ನೂಲಿನ ಸುದ್ದಿ ನನಗೂ ತಗೊಂಡ್ ಬಾ. ನಾವೂ ಹತ್ತಿ ಹಿಂಜೋ ಮನೆತನದೋರು, ನೂಲಿನ ಮಂದಿ, ಹನ್ನೊಂದು ದಿನದಿಂದ ಅದೇ ತಲ್ಯಾಗ ಕುಂತೈತಿ."

ಅವಳು ಹಿಡಿದದ್ದು ಮುಂಜಾವಿನ ವಿಮಾನ. ಕಿಟಕಿಯಾಚೆಯ ಬದನೆ ಹೂವಿನ ಮಬ್ಬಿಗೆ ಹಣೆಯಿಟ್ಟು ಕೂತಳು. ನಾಲ್ಕು ವರ್ಷದಿಂದ ಸಂಖ್ಯೆಯಾಗಿದ್ದ ದೂರ ಈಗ ಮೈಗೆ ಮುಟ್ಟಿ ಹಿಂದೆ ಸರಿಯುತ್ತಿತ್ತು. ಒಂದು ಸೆಕೆಂಡು, ಎರಡು, ಮೂರು, ನಾಲ್ಕು. ಬಿಳಿಕಲ್ಲಿನಲ್ಲಿ ಆಗಷ್ಟೇ ಹೊತ್ತು ಮುಳುಗಿ, ಗುಡ್ಡದ ಅಂಚಿಗೆ ಕೆಂಪು ಉಳಿದಿತ್ತು.

ಲೀಲಕ್ಕನ ಮನೆಯಲ್ಲಿ ಸಾರಿನ ವಾಸನೆ, ಬಾಣಂತಿಗೆ ಹಾಕಿದ ಲೋಬಾನದ ಹೊಗೆ. ಕೂಸಿನ ಕೈಯಲ್ಲಿ ಕರಿದಾರ. ಲೀಲಕ್ಕ ಒಂದು ಕಣ್ಣು ತೆರೆದು, "ಬಂದ್ಯಾ? ನಾಲ್ಕ್ ವರ್ಷ ಬೇಕಾತು ನೋಡು ನಿನಗ, ನಲವತ್ತು ನಿಮಿಷದ ದಾರಿಗೆ," ಎಂದು ಮತ್ತೆ ಮಲಗಿದಳು. ಆಯಿ ಎದ್ದು ಬಂದಳು. ದಾಕ್ಷಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ತನ್ನ ಹಣೆಗೆ ಬೆರಳು ತಾಗಿಸಿ ನೆಟಿಕೆ ಮುರಿದಳು.

ಊಟವಾಯಿತು. ನೆಲದ ಮೇಲೆ ಹಾಸಿಗೆ. ಆಯಿಯ ಒಂದು ಮಗ್ಗುಲಲ್ಲಿ ಕೂಸು, ಇನ್ನೊಂದು ಮಗ್ಗುಲಲ್ಲಿ ದಾಕ್ಷಿ. ಮೂವರ ಮೇಲೂ ಸಾಲದ, ಸಾಲಿಸಿದ ಅದೇ ಸಣ್ಣ ಕೌದಿ.

"ಗೇಣು ಕಮ್ಮಿ ಬಿದ್ದಲ್ಲಿಂದ ಹೇಳು ಆಯಿ."

"ನಡುವಿಂದ ಕಥಿ ಹೇಳ್ತಾರೇನು? ಮೊದ್ಲಿಂದ ಕೇಳು. ಏಳೂರ ಆಚಿ ಒಂದೂರಿತ್ತು."

"ಹೂಂ."

ಅಲ್ಲಿ ಸಂಜೆ ಏಳೂವರೆ. ದಾಕ್ಷಿಯ ಎಡಗೈ ಗಡಿಯಾರದಲ್ಲಿ ಬೆಳಗಿನ ಐದು. ಹಿಂದಿನ ದಿನದಿಂದ ಅವಳು ಕಣ್ಣು ಮುಚ್ಚಿರಲಿಲ್ಲ. ನೂಲವ್ವ ಮಗಳನ್ನು ಕೊಟ್ಟಳು, ನೂಲು ಕಟ್ಟಿದಳು. ನೂಲು ಕುಣಿಯಿತು, ತೊಯ್ದಿತು. ಕೂಸು ನಿದ್ದೆಯಲ್ಲಿ ತುಟಿ ಚಪ್ಪರಿಸಿತು. ಹೊಳೆ ತುಂಬಿತು.

"ನೂಲು ಒಂದು ಗೇಣು ಕಮ್ಮಿ ಬಿತ್ತು."

"ಹೂಂ," ಎಂದಳು ದಾಕ್ಷಿ, ರೆಪ್ಪೆಗಳನ್ನು ಬೆರಳಿಂದ ಎತ್ತಿ ಹಿಡಿದು.

"ನೂಲವ್ವ ಅಳಲಿಲ್ಲ. ಬಾಗಿಲ ಕಂಬಾನೇ ಕಿತ್ತು, ಮನೀನ ಒಂದು ಗೇಣು ಮುಂದಕ್ಕ ಸರಿಸಿದ್ಲು."

ಹೌದಲ್ಲ, ಎನಿಸಿತು ದಾಕ್ಷಿಗೆ. ಅಷ್ಟೇ ಅಲ್ಲವೇ ಮಾಡಬೇಕಾದ್ದು. ಇಷ್ಟು ವರ್ಷ ಯಾಕೆ ಹೊಳೆಯಲಿಲ್ಲ. ಇದನ್ನು ನದಾಫ ಸರ್‌ಗೆ ಹೇಳಬೇಕು. ಕೌದಿಯಲ್ಲಿ ಹಳೆಯ ಇಳಕಲ್ ಸೀರೆಯ ವಾಸನೆಯಿತ್ತು.

"ಹೂಂ... ಆಮ್ಯಾಲ?"

ಆಯಿ ಅವಳ ರೆಪ್ಪೆಗಳತ್ತ ನೋಡಿದಳು.

"ಆಮ್ಯಾಲ ಒಂದು ಆನಿ ಬಂದು, ಚಕ್ಕಳಮಕ್ಕಳ ಹಾಕ್ಕೊಂಡು ಕುಂತು, ರೊಟ್ಟಿ ಬಡೀತು."

"ಹೂಂ," ಎಂದಳು ದಾಕ್ಷಿ.